18:3 ಅಂದರೆ ಯಾವ 18:3? ಒಂದು ಪೀಕ್‌ನ ಡಬಲ್ ಬಾಂಡ್ ಹುಡುಕಿದ ಕೆಲಸದ ದಾಖಲೆ

ಪೈನ್ ಬೀಜದ ಎಣ್ಣೆಯ ಕೊಬ್ಬಿನ ಆಮ್ಲಗಳನ್ನು ಮೀಥೈಲ್ ಎಸ್ಟರ್ ಮಾಡಿ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೊಗ್ರಾಫ್, ಮಿಶ್ರಣದಲ್ಲಿರುವುದನ್ನು ಒಂದೊಂದಾಗಿ ಬೇರೆ ಮಾಡಿ ಪೀಕ್‌ಗಳಾಗಿ ತೋರಿಸುವ ಯಂತ್ರ) ಹಾಕಿದರೆ, ಲಿನೋಲಿಕ್ ಪೀಕ್ ಮುಗಿದ ಸ್ವಲ್ಪ ಹೊತ್ತಿಗೆ ಇನ್ನೊಂದು ದಪ್ಪ ಪೀಕ್ ಏಳುತ್ತದೆ. ಮಾಸ್ ಸ್ಪೆಕ್ಟ್ರಮ್ (ಅಣುವನ್ನು ಒಡೆದು ತುಂಡುಗಳ ತೂಕ ತೋರಿಸುವ ಚಿತ್ರ) ಲೈಬ್ರರಿ ಅದಕ್ಕೆ ಧೈರ್ಯವಾಗಿ ‘ಲಿನೋಲೆನಿಕ್’ ಅಂತ ಹೆಸರು ಕೊಡುತ್ತದೆ. ಹೊಂದಾಣಿಕೆಯ ಅಂಕವೂ ಚೆನ್ನಾಗಿಯೇ ಇರುತ್ತದೆ. ಆದರೆ ಆಲ್ಫಾ ಲಿನೋಲೆನಿಕ್ ಸ್ಟ್ಯಾಂಡರ್ಡ್ (ಗುರುತು ಖಚಿತವಿರುವ ಶುದ್ಧ ಮಾದರಿ) ಹಾಕಿ ನೋಡಿದರೆ ಅದು ಇನ್ನೂ ತಡವಾಗಿ, ಬೇರೆ ಜಾಗದಲ್ಲಿ ಬರುತ್ತದೆ. ಅಲ್ಲಿಗೆ ಲೈಬ್ರರಿ ಹೇಳಿದ್ದು ಸುಳ್ಳು ಅಂತ ಗೊತ್ತಾಯಿತು. ಸರಿ ಯಾವುದು?

ಕೋನಿಫರ್ ಮರಗಳ ಬೀಜದಲ್ಲಿ ಪಿನೋಲೆನಿಕ್ ಆಮ್ಲ ಇರುತ್ತದೆ ಅನ್ನೋದು ಹೊಸ ಸುದ್ದಿಯೇನಲ್ಲ. 18 ಕಾರ್ಬನ್, ಮೂರು ಡಬಲ್ ಬಾಂಡ್ (18:3 ಅಂದರೆ ಇದೇ), ಆಮ್ಲದ ತುದಿಯಿಂದ ಎಣಿಸಿದರೆ 5, 9, 12ನೇ ಕಾರ್ಬನ್‌ನಲ್ಲಿ. ಹಾಗಾಗಿ ಉತ್ತರ ಏನಿರಬಹುದು ಅನ್ನೋ ಊಹೆ ಮೊದಲೇ ಇತ್ತು. ನನಗೆ ಬೇಕಿದ್ದದ್ದು ಬೇರೆ. ಕೈಯಲ್ಲಿ ಪಿನೋಲೆನಿಕ್ ಸ್ಟ್ಯಾಂಡರ್ಡ್ ಇಲ್ಲದೆ, ಬರೀ ಆ ಪೀಕ್‌ನಿಂದಲೇ ಪೂರ್ತಿ ರಚನೆ ಓದೋಕೆ ಆಗುತ್ತಾ? ಆಗುವ ಹಾಗಿದ್ದರೆ, ಹೆಸರೇ ಗೊತ್ತಿಲ್ಲದ ಪೀಕ್ ಸಿಕ್ಕಾಗ ಅದೇ ದಾರಿ ಹಿಡಿಯಬಹುದು. ಅದಕ್ಕೆ ಬೇಕಾದ ಸಣ್ಣ ಸೆಟಪ್ ಕಟ್ಟಿದ್ದು, ಹಳೆಯದನ್ನು ರಿಪೇರಿ ಮಾಡಿದ್ದು, ಆಮೇಲೆ ಓದಿದ್ದು, ಎಲ್ಲ ಇಲ್ಲಿ ಬರೆದಿದ್ದೇನೆ.

ಲೈಬ್ರರಿ ಯಾಕೆ ಎಡವುತ್ತದೆ ಅನ್ನೋದನ್ನು ಮೊದಲೇ ಹೇಳಿಬಿಡಬೇಕು. ಉಳಿದ ಕೆಲಸವೆಲ್ಲ ಅದಕ್ಕಾಗಿಯೇ. ಮೀಥೈಲ್ ಎಸ್ಟರ್‌ಗೆ ಎಲೆಕ್ಟ್ರಾನ್ ಹೊಡೆದು ಅಯಾನು ಮಾಡಿದ ತಕ್ಷಣ ಡಬಲ್ ಬಾಂಡ್ ಸುಮ್ನೆ ಕೂರುವುದಿಲ್ಲ. ಸರಪಳಿಯ ಉದ್ದಕ್ಕೂ ಓಡಾಡುತ್ತದೆ. ಒಡೆಯುವ ಹೊತ್ತಿಗೆ ಅದು ಎಲ್ಲಿಂದ ಹೊರಟಿತ್ತು ಅನ್ನೋ ಗುರುತೇ ಉಳಿದಿರುವುದಿಲ್ಲ. 18:3 ಎಸ್ಟರ್ ಯಾವುದೇ ಇರಲಿ, ಮೂಲ ಅಯಾನು (ಒಡೆಯದ ಇಡೀ ಅಣು) 292, ಅತಿ ಎತ್ತರದ ಪೀಕ್ 79. ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ, ನಿಜ. ಅದನ್ನು ನಂಬಿ ಹೆಸರು ಬರೆಯಲು ನನಗೆ ಧೈರ್ಯ ಸಾಲದು. ಡಬಲ್ ಬಾಂಡ್ ಓಡಾಡದಂತೆ ಕಟ್ಟಿಹಾಕಬೇಕು, ಇಲ್ಲಾ ಅದನ್ನು ಬೇರೆ ಏನಾದರೂ ಆಗಿ ಬದಲಾಯಿಸಬೇಕು. ಎರಡನ್ನೂ ಮಾಡಿದೆ.

ಮೊದಲು ನೈಟ್ರೋಜನ್ ಲೈನ್

ಮೂರು ಡಬಲ್ ಬಾಂಡ್ ಇರುವ ಆಮ್ಲವನ್ನು ಗಾಳಿಗೆ ಬಿಟ್ಟರೆ ಆಕ್ಸಿಜನ್ ತಿಂದು ಕೆಡುತ್ತದೆ. ಹಾಗಾಗಿ ಪ್ರತಿ ಹಂತದಲ್ಲೂ ದ್ರಾವಕವನ್ನು ನೈಟ್ರೋಜನ್ ಊದಿಯೇ ಆರಿಸಬೇಕು. ಲ್ಯಾಬಿನಲ್ಲಿ ಇದಕ್ಕೊಂದು ಹಳೇ ಸೆಟಪ್ ಇತ್ತು. ಸಿಲಿಂಡರ್‌ನಿಂದ ಒಂದು ಪಾರದರ್ಶಕ ಪ್ಲಾಸ್ಟಿಕ್ ಪೈಪ್, ಅದರ ತುದಿಗೆ ಕವಲು, ಕವಲುಗಳಿಗೆ ಸೂಜಿ.

ಏನೂ ಹಾಕದ ಖಾಲಿ ಟ್ಯೂಬಿಗೆ ಹೆಕ್ಸೇನ್ ಸುರಿದು, ಈ ಲೈನ್‌ನಲ್ಲಿ ಆರಿಸಿ, ಜಿಸಿ-ಎಂಎಸ್‌ಗೆ (ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಜಿಸಿ) ಹಾಕಿದೆ. ಖಾಲಿ ಇರಬೇಕಾದ ಕಡೆ ಒಂದು ದೊಡ್ಡ ಪೀಕ್. ಸ್ಪೆಕ್ಟ್ರಮ್‌ನಲ್ಲಿ 149 ಎದ್ದು ನಿಂತಿತ್ತು. 149 ಕಂಡರೆ ಥ್ಯಾಲೇಟ್, ಅಂದರೆ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಸೇರಿಸುವ ವಸ್ತು. ಜತೆಗೆ 205 ಮತ್ತು 220 ಇರುವ ಇನ್ನೊಂದು ಪೀಕ್. ಅದು ಬಿಎಚ್‌ಟಿ, ಈಥರ್ ಕೆಡದಿರಲಿ ಅಂತ ಕಂಪನಿಯವರೇ ಹಾಕಿರುತ್ತಾರೆ. ಹೆಕ್ಸೇನ್ ಮಾತ್ರ ಹಾಕಿದ ಟ್ಯೂಬಿಗೆ ಅದು ಬರಬೇಕಾದರೆ ಸೂಜಿಗಳು ಹಿಂದೆ ಯಾವಾಗಲೋ ಈಥರ್‌ನಲ್ಲಿ ಮುಳುಗಿವೆ ಅಂತಲೇ ಅರ್ಥ. 207 ಮತ್ತು 281 ಕೂಡ ಅಲ್ಲಲ್ಲಿ ಕಾಣುತ್ತಿದ್ದವು. ಅವು ಕಾಲಮ್ (ಜಿಸಿಯೊಳಗಿನ ಉದ್ದನೆಯ ಸಣ್ಣ ಕೊಳವೆ) ಒಳಗಿನ ಸಿಲಿಕೋನ್ ಲೇಪ ಕಿತ್ತು ಬರುವ ಗುರುತು, ಓವನ್ ಬಿಸಿ ಏರಿದ ಹಾಗೆ ಏರುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ರಿಪೇರಿ ಕಷ್ಟದ್ದಲ್ಲ. ಪ್ಲಾಸ್ಟಿಕ್ ಪೈಪ್ ಪೂರ್ತಿ ತೆಗೆದು ಟೆಫ್ಲಾನ್ ಪೈಪ್ ಹಾಕಿದೆ. ಕವಲಿಗೆ ಒಂದು ಹಿತ್ತಾಳೆ ಪಟ್ಟಿಯಲ್ಲಿ ಉದ್ದಕ್ಕೆ ತೂತು ಕೊರೆಸಿ, ಪಕ್ಕದಿಂದ ಸಣ್ಣ ತೂತುಗಳನ್ನು ಅದಕ್ಕೆ ಸೇರಿಸಿ, ಪ್ರತಿ ತೂತಿಗೂ ಸೂಜಿ ಸಿಕ್ಕಿಸುವ ಲೋಹದ ತುದಿ ಕೂರಿಸಿದೆ. ಹಿತ್ತಾಳೆ ಕೊರೆಯುವಾಗ ಬಳಸಿದ ಎಣ್ಣೆ ಒಳಗೆ ಉಳಿದಿರುತ್ತದೆ. ಅದೂ ಎಣ್ಣೆಯೇ ಅಲ್ವಾ, ಜಿಸಿಯಲ್ಲಿ ಉದ್ದಕ್ಕೆ ಗುಡ್ಡ ಎಬ್ಬಿಸುತ್ತದೆ. ಆದ್ದರಿಂದ ಕ್ಲೋರೋಫಾರ್ಮ್, ಆಮೇಲೆ ಹೆಕ್ಸೇನ್ ಹಾಯಿಸಿ ತೊಳೆದು, ಬಿಸಿ ಓವನ್‌ನಲ್ಲಿ ಒಣಗಿಸಿ ಜೋಡಿಸಿದೆ. ದಾರಕ್ಕೆ ಸುತ್ತಲು ಬರೀ ಟೆಫ್ಲಾನ್ ಟೇಪ್, ಅಂಟು ಬೇಡ. ಮತ್ತೆ ಖಾಲಿ ಹೆಕ್ಸೇನ್ ಆರಿಸಿ ನೋಡಿದೆ. 149 ಹೋಗಿತ್ತು. ಸೂಜಿಗಳನ್ನು ಹೊಸದಾಗಿ ಹಾಕಿದ ಮೇಲೆ ಬಿಎಚ್‌ಟಿಯೂ ಹೋಯಿತು.

180 ಡಿಗ್ರಿಯ ಬ್ಲಾಕ್

ಡಿಮಾಕ್ಸ್ ಅನ್ನೋ ಡೆರಿವೇಟಿವ್ (ಆಮ್ಲದ ತುದಿಗೆ ನೈಟ್ರೋಜನ್ ಇರುವ ಗುಂಪು ಕೂರಿಸಿದ ರೂಪ) ಮಾಡಲು ಮುಚ್ಚಿದ ಗಾಜಿನ ಟ್ಯೂಬನ್ನು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾಸುಗಟ್ಟಲೆ ಇಡಬೇಕು. ಎಣ್ಣೆ ಸ್ನಾನದಲ್ಲಿ ಇದನ್ನು ಮಾಡುವುದು ನನಗೆ ಇಷ್ಟವಿಲ್ಲ. ಹೊಗೆ, ಜಾರುವ ಟ್ಯೂಬ್, ಹೊರಗೆಲ್ಲ ಸಿಲಿಕೋನ್ ಎಣ್ಣೆಯ ಪಸೆ. ಅದಕ್ಕೆ ಅಲ್ಯೂಮಿನಿಯಂ ಗಟ್ಟಿ ತಗೊಂಡು ಬ್ಲಾಕ್ ಮಾಡಿದೆ.

ಟ್ಯೂಬಿನ ಹೊರ ಅಳತೆ 13 ಮಿ.ಮೀ. ತೂತು 13.5 ಮಿ.ಮೀ. ಕೊರೆಸಿದೆ. ಬಿಗಿಯಾಗಿ ಕೂತರೆ ಬಿಸಿ ಚೆನ್ನಾಗಿ ಹತ್ತುತ್ತದೆ ಅನ್ನಿಸುವುದು ಸಹಜ. ಆದರೆ ಬಿಸಿಯಲ್ಲಿ ಅಲ್ಯೂಮಿನಿಯಂ ಗಾಜಿಗಿಂತ ಜಾಸ್ತಿ ಹಿಗ್ಗುತ್ತದೆ. ಬಿಸಿಯಿದ್ದಾಗ ಸಲೀಸಾಗಿ ಇಳಿದ ಟ್ಯೂಬನ್ನು ಬ್ಲಾಕ್ ತಣ್ಣಗಾಗುತ್ತಾ ಹಿಡಿದು ಹಿಸುಕುತ್ತದೆ. ಗಾಜು ಒಡೆದರೆ ಒಳಗಿದ್ದ ಸ್ಯಾಂಪಲ್ ಹೋಯಿತು ಅಂತಲೇ. ಅರ್ಧ ಮಿ.ಮೀ. ಸಡಿಲ ಇದ್ದರೆ ಆ ತಲೆನೋವಿಲ್ಲ.

ಎರಡು ಕಾರ್ಟ್ರಿಜ್ ಹೀಟರ್, ಬಿಸಿ ಒಂದೇ ಮಟ್ಟದಲ್ಲಿ ಹಿಡಿದಿಡುವ ಒಂದು ಪಿಐಡಿ ಕಂಟ್ರೋಲರ್, ಸಾಲಿಡ್ ಸ್ಟೇಟ್ ರಿಲೇ, ಬಿಸಿ ಅಳೆಯಲು ಕೆ ಟೈಪ್ ಥರ್ಮೋಕಪಲ್. ಥರ್ಮೋಕಪಲ್ ಅನ್ನು ಹೀಟರ್ ಪಕ್ಕ ಇಡಬೇಡಿ. ಅಲ್ಲಿ ಇಟ್ಟರೆ ಕಂಟ್ರೋಲರ್‌ಗೆ ಹೀಟರ್ ಬಿಸಿ ಗೊತ್ತಾಗುತ್ತದೆಯೇ ಹೊರತು ಟ್ಯೂಬಿನ ಬಿಸಿ ಗೊತ್ತಾಗುವುದಿಲ್ಲ. ನಾನು ಟ್ಯೂಬ್ ತೂತುಗಳ ನಡುವೆ ಅದಕ್ಕೆಂದೇ ಒಂದು ಸಣ್ಣ ತೂತು ಕೊರೆಸಿದೆ. ಆಮೇಲೆ ಒಂದು ಟ್ಯೂಬಿನಲ್ಲಿ ಸಿಲಿಕೋನ್ ಎಣ್ಣೆ ಹಾಕಿ, ಥರ್ಮಾಮೀಟರ್ ಇಳಿಸಿ, ಕಂಟ್ರೋಲರ್ ತೋರಿಸಿದ್ದಕ್ಕೂ ಒಳಗಿನದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ ಸೆಟ್‌ಪಾಯಿಂಟ್ ಸ್ವಲ್ಪ ಏರಿಸಿದೆ. ರಿಲೇ ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಉಳಿದುಬಿಡುತ್ತದೆ. ಹಾಗಾಗಿ ಹೀಟರ್ ಸಾಲಿನಲ್ಲೇ ಒಂದು ಥರ್ಮಲ್ ಫ್ಯೂಸ್ ಕಡ್ಡಾಯ. ರಾತ್ರಿಯಿಡೀ ಉರಿಯುವ ವಸ್ತು ಇದು.

ಎಸ್ಟರ್ ಮಾಡಿ ಉದ್ದ ನೋಡಿದ್ದು

ಎಣ್ಣೆಯನ್ನು ಮೀಥೈಲ್ ಎಸ್ಟರ್ ಮಾಡಲು ಮೀಥನಾಲ್‌ನಲ್ಲಿ ಕರಗಿಸಿದ 0.5 ಮೋಲಾರ್ ಸೋಡಿಯಂ ಮೆಥಾಕ್ಸೈಡ್ ಬಳಸಿದೆ. 50 ಡಿಗ್ರಿಯಲ್ಲಿ 10 ನಿಮಿಷ ಸಾಕು. ಡಬಲ್ ಬಾಂಡ್ ತಂಟೆಗೆ ಇದು ಹೋಗುವುದಿಲ್ಲ. ನೀರಿನ ಪಸೆ ಇದ್ದರೆ ಮಾತ್ರ ಎಸ್ಟರ್ ಬದಲು ಸೋಪು ಆಗುತ್ತದೆ. ಬೋರಾನ್ ಟ್ರೈಫ್ಲೋರೈಡ್-ಮೀಥನಾಲ್ ಬಾಟಲಿ ಎಲ್ಲ ಲ್ಯಾಬಿನಲ್ಲೂ ಇರುತ್ತದೆ, ಬಿಡಿ ಆಮ್ಲಗಳಿಗೆ ಅದೇ ಅನುಕೂಲ. ಆದರೆ ಬಾಟಲಿ ಹಳೆಯದಾದರೆ ಡಬಲ್ ಬಾಂಡ್‌ಗೇ ಮೆಥಾಕ್ಸಿ ಸೇರಿಸಿ ಇಲ್ಲದ ಪೀಕ್ ಹುಟ್ಟಿಸುತ್ತದೆ. ರಚನೆ ಹುಡುಕುವ ಕೆಲಸಕ್ಕೆ ಅದನ್ನು ಮುಟ್ಟುವುದಿಲ್ಲ ನಾನು.

ಸಯನೋಪ್ರೊಪೈಲ್ ಕಾಲಮ್‌ನಲ್ಲಿ, ಒಂದೇ ತಾಪಮಾನದಲ್ಲಿ ಓಡಿಸಿ, 16:0, 18:0, 20:0 ಪೀಕ್‌ಗಳ ಸಮಯದ ಲಾಗರಿದಮ್ ತೆಗೆದು ಗೆರೆ ಎಳೆದೆ. ಆ ಗೆರೆಯ ಮೇಲೆ ನಮ್ಮ ಪೀಕ್ ಲಿನೋಲಿಕ್‌ಗೂ ಆಲ್ಫಾ ಲಿನೋಲೆನಿಕ್‌ಗೂ ನಡುವೆ ಕೂರುತ್ತದೆ. ಸುಳಿವು ಅಷ್ಟೇ, ಪುರಾವೆ ಅಲ್ಲ.

ಸರಪಳಿ ನೇರವಾಗಿದೆಯಾ, ಕವಲು ಇದೆಯಾ ಅಂತ ತಿಳಿಯಲು ಹೈಡ್ರೋಜನೀಕರಣ ಒಳ್ಳೇ ಉಪಾಯ. ಈ ಪರೀಕ್ಷೆ ಮುಂದೆ ಹೇಳುವ ಬೆಳ್ಳಿ ಪ್ಲೇಟಿನಿಂದ ಬೇರೆ ಮಾಡಿದ ಪಾಲಿನ ಮೇಲೆ ಮಾಡಿದ್ದು. ಎಸ್ಟರನ್ನು ಮೀಥನಾಲ್‌ನಲ್ಲಿ ಕರಗಿಸಿ, ಚಿಟಿಕೆ ಪ್ಲಾಟಿನಂ ಆಕ್ಸೈಡ್ ಹಾಕಿ, ಬಲೂನಿನಿಂದ ಹೈಡ್ರೋಜನ್ ಕೊಟ್ಟು ಕಲಕಿದೆ. ಸೋಸುವಾಗ ಕ್ಯಾಟಲಿಸ್ಟ್ ಒಣಗಲು ಬಿಡಬಾರದು. ಒಣಗಿದರೆ ಫಿಲ್ಟರ್ ಪೇಪರ್ ಮೇಲೇ ಹೊತ್ತಿಕೊಳ್ಳುತ್ತದೆ. ಆಮೇಲೆ ಜಿಸಿಗೆ ಹಾಕಿದರೆ ಒಂದೇ ಪೀಕ್, 18:0 ಜಾಗದಲ್ಲಿ, ಮೂಲ ಅಯಾನು 298. ನೇರ ಸರಪಳಿ, 18 ಕಾರ್ಬನ್, ಉಂಗುರ ಇಲ್ಲ. 292ರಿಂದ 298ಕ್ಕೆ ಆರು ಹೈಡ್ರೋಜನ್ ಸೇರಿದೆ, ಅಂದರೆ ಮೂರು ಡಬಲ್ ಬಾಂಡ್. ಇಷ್ಟು ಖಾತ್ರಿ.

ಬೆಳ್ಳಿ ಪ್ಲೇಟ್

ಇದು ನನಗೆ ತುಂಬಾ ಇಷ್ಟದ ಭಾಗ. ಬೆಳ್ಳಿ ಅಯಾನು ಡಬಲ್ ಬಾಂಡ್ ಜತೆ ಸಡಿಲವಾಗಿ ಅಂಟಿಕೊಳ್ಳುತ್ತದೆ, ಮತ್ತೆ ಬಿಡುತ್ತದೆ. ಡಬಲ್ ಬಾಂಡ್ ಜಾಸ್ತಿ ಇದ್ದಷ್ಟೂ ಪ್ಲೇಟಿನ ಮೇಲೆ ನಿಧಾನ. ಈ ಗುಣ ಬಳಸಿ ತೆಳುಪದರದ ಪ್ಲೇಟುಗಳಲ್ಲಿ ಕೊಬ್ಬಿನ ಆಮ್ಲ ಬೇರ್ಪಡಿಸುವುದು 1962ರಿಂದ ನಡೆದುಬಂದಿದೆ. ಈಗಲೂ ಇದಕ್ಕಿಂತ ಅಗ್ಗದ, ಇಷ್ಟು ಚೊಕ್ಕದ ದಾರಿ ನಾನು ನೋಡಿಲ್ಲ.

ಮಾಮೂಲಿ ಸಿಲಿಕಾ ಪ್ಲೇಟನ್ನು ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದ 10% ಸಿಲ್ವರ್ ನೈಟ್ರೇಟ್‌ನಲ್ಲಿ ಮುಳುಗಿಸಿ ಎತ್ತಿದೆ. ಬೆಳಕು ಬೀಳದ ಕಡೆ ಆರಲು ಬಿಟ್ಟು, 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದೆ. ಮುಳುಗಿಸುವ ತೊಟ್ಟಿಯನ್ನು ಗಾಜಿನ ಹಾಳೆಗಳಿಂದ ಕಟ್ಟಿದ್ದು. ಅಗಲ ಪ್ಲೇಟಿಗಿಂತ ಚೂರು ಜಾಸ್ತಿ, ದಪ್ಪ ಬೆರಳಷ್ಟು. ದೊಡ್ಡ ಪಾತ್ರೆಯಲ್ಲಿ ಮಾಡಿದರೆ ಬೆಳ್ಳಿ ದ್ರಾವಣ ಸುಮ್ನೆ ಹಾಳು. ಹೊರಗಿನಿಂದ ಕಪ್ಪು ಕಾಗದ ಅಂಟಿಸಿದೆ. ಕೈಗವಸು ಹಾಕದೆ ಇದನ್ನು ಮುಟ್ಟಿದರೆ ಆ ಕ್ಷಣ ಏನೂ ಕಾಣುವುದಿಲ್ಲ. ಮಾರನೇ ದಿನ ಬೆರಳ ತುದಿ ಕಂದುಗಪ್ಪು ಆಗಿರುತ್ತದೆ, ಸೋಪಿಗೆ ಜಗ್ಗುವುದಿಲ್ಲ, ಚರ್ಮ ಉದುರಿ ಹೊಸದು ಬರುವವರೆಗೂ ಇರುತ್ತದೆ.

ಕೆಲವು ಮಿ.ಗ್ರಾಂ. ಎಸ್ಟರನ್ನು ಪ್ಲೇಟಿನ ಬುಡದಲ್ಲಿ ಉದ್ದ ಗೆರೆಯಾಗಿ ಹಾಕಿ, ಹೆಕ್ಸೇನ್ ಮತ್ತು ಈಥರ್ 80:20 ಮಿಶ್ರಣದಲ್ಲಿ ಓಡಿಸಿದೆ. ಒಣಗಿದ ಮೇಲೆ ಡೈಕ್ಲೋರೋಫ್ಲೋರೆಸೀನ್ ಸಿಂಪಡಿಸಿ ಯುವಿ ದೀಪದ ಕೆಳಗೆ ಹಿಡಿದರೆ ಹಳದಿ ಪಟ್ಟಿಗಳು ಒಂದರ ಕೆಳಗೊಂದು ಕಾಣುತ್ತವೆ. ತುದಿಯಲ್ಲಿ ಡಬಲ್ ಬಾಂಡ್ ಇಲ್ಲದವು, ಆಮೇಲೆ ಒಂದು ಇರುವವು, ಎರಡು ಇರುವವು, ಕೆಳಗೆ ಮೂರು ಇರುವವು. ಒಂದೇ ಟ್ರಾನ್ಸ್ ಬಾಂಡ್ (ಸರಪಳಿ ಬಾಂಡ್‌ನ ಎದುರುಬದುರು ಬದಿಗೆ ಹೋಗುವ ಆಕಾರ, ಒಂದೇ ಬದಿಗೆ ಹೋದರೆ ಸಿಸ್) ಇರುವವು ಇದ್ದಿದ್ದರೆ ಮೊದಲ ಎರಡರ ನಡುವೆ ಬರಬೇಕು. ಅಲ್ಲಿ ಖಾಲಿ.

ಕೆಳಗಿನ ಪಟ್ಟಿಯನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಈಥರ್‌ನಲ್ಲಿ ಇಳಿಸಿ, ಉಪ್ಪಿನ ನೀರಿನಲ್ಲಿ ತೊಳೆದರೆ ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗಿ ಬೆಳ್ಳಗೆ ಒಡೆದು ಕೆಳಗೆ ಕೂರುತ್ತದೆ. ಬಣ್ಣ ಹೋಗಲು ಪೊಟ್ಯಾಸಿಯಂ ಬೈಕಾರ್ಬೊನೇಟ್ ನೀರು. ಜಿಸಿಯಲ್ಲಿ ನೋಡಿದರೆ ನಮ್ಮ ಪೀಕ್ ಹೆಚ್ಚುಕಡಿಮೆ ಒಂಟಿಯಾಗಿ ನಿಂತಿತ್ತು.

ಈ ಬೇರ್ಪಡಿಸುವಿಕೆ ಬಿಟ್ಟು ನೇರ ಎಣ್ಣೆಯ ಮೇಲೆ ಮುಂದಿನ ಹಂತ ಮಾಡಿದರೆ ಅರ್ಥವಿಲ್ಲ. ಈ ಎಣ್ಣೆಯಲ್ಲಿ ಓಲಿಕ್ ಇದೆ, ಅದಕ್ಕೆ 9ರಲ್ಲಿ ಬಾಂಡ್. ಲಿನೋಲಿಕ್ ಧಾರಾಳವಾಗಿದೆ, 9 ಮತ್ತು 12. ಕೋನಿಫರ್ ಬೀಜಗಳಲ್ಲಿ ಟ್ಯಾಕ್ಸೋಲಿಕ್ ಕೂಡ ಇರುತ್ತದೆ, 5 ಮತ್ತು 9. ಎಲ್ಲ ಕಲಸಿದರೆ 5, 9, 12 ಮೂರೂ ಸಿಗುತ್ತವೆ, ಪಿನೋಲೆನಿಕ್ ಒಂದು ಹನಿ ಇಲ್ಲದಿದ್ದರೂ.

ಡಿಮಾಕ್ಸ್: 14ರ ಮೆಟ್ಟಿಲು, ನಡುವೆ 12

ಡಬಲ್ ಬಾಂಡನ್ನು ಓಡಾಡದಂತೆ ಮಾಡುವ ಉಪಾಯ ಇದು. ಆಮ್ಲದ ತುದಿಯಲ್ಲಿ ನೈಟ್ರೋಜನ್ ಇರುವ ಗುಂಪು ಕೂರಿಸಿದರೆ, ಅಯಾನು ಆದಾಗ ಚಾರ್ಜ್ ಆ ನೈಟ್ರೋಜನ್ ಹತ್ತಿರವೇ ಉಳಿಯುತ್ತದೆ. ಡಬಲ್ ಬಾಂಡ್ ತನ್ನ ಜಾಗದಲ್ಲೇ ಇರುತ್ತದೆ, ಸರಪಳಿ ಒಂದೊಂದೇ ಕಾರ್ಬನ್ ಬಳಿ ಒಡೆಯುತ್ತಾ ಹೋಗುತ್ತದೆ. ಇಂಥ ಡೆರಿವೇಟಿವ್‌ಗಳಲ್ಲಿ 1974ರಲ್ಲಿ ಪೈರೊಲಿಡೈಡ್ ಬಂತು, 1988ರಲ್ಲಿ ಡಿಮಾಕ್ಸ್. ಜಿಸಿಯಲ್ಲಿ ಎಸ್ಟರ್ ಹಾಗೆಯೇ ಚೆನ್ನಾಗಿ ಬೇರ್ಪಡುತ್ತದೆ ಅನ್ನೋ ಕಾರಣಕ್ಕೆ ನಾನು ಡಿಮಾಕ್ಸ್ ಆರಿಸಿದೆ.

ಬೇರ್ಪಡಿಸಿದ ಎಸ್ಟರ್‌ನ ಸ್ವಲ್ಪ ಭಾಗವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಬಿಡಿ ಆಮ್ಲ ಮಾಡಿಕೊಂಡೆ. ಅದರ 2 ಮಿ.ಗ್ರಾಂ.ಗೆ 0.25 ಗ್ರಾಂ 2-ಅಮಿನೋ-2-ಮೀಥೈಲ್ ಪ್ರೊಪನಾಲ್ ಹಾಕಿ, ಟ್ಯೂಬಿನೊಳಗೆ ನೈಟ್ರೋಜನ್ ತುಂಬಿ, ಟೆಫ್ಲಾನ್ ಮುಖದ ಮುಚ್ಚಳ ಬಿಗಿದು ಬ್ಲಾಕಿನಲ್ಲಿ 180 ಡಿಗ್ರಿಗೆ ಇಟ್ಟೆ. ಎಸ್ಟರ್‌ನಿಂದಲೇ ನೇರ ಮಾಡಬಹುದು, ಆದರೆ ಇನ್ನೂ 10 ಡಿಗ್ರಿ ಜಾಸ್ತಿ ಬೇಕು, ರಾತ್ರಿಯಿಡೀ ಇಡಬೇಕು. ತಣ್ಣಗಾದ ಮೇಲೆ ಹೆಕ್ಸೇನ್-ಈಥರ್ ಮತ್ತು ನೀರು ಹಾಕಿ ಕುಲುಕಿ, ಮೇಲಿನ ಪದರ ತೆಗೆದು, ನೀರಿಲ್ಲದ ಸೋಡಿಯಂ ಸಲ್ಫೇಟ್ ಮೇಲೆ ಒಣಗಿಸಿದೆ.

ಓದುವ ಕ್ರಮ ಸುಲಭ. 113 ಮತ್ತು 126 ಎಲ್ಲ ಡಿಮಾಕ್ಸ್‌ಗಳಲ್ಲೂ ಎತ್ತರವಾಗಿ ಇರುತ್ತವೆ. ಅಲ್ಲಿಂದ ಮೇಲೆ 14, 14 ಅಂತ ಹೆಜ್ಜೆ: 140, 154, 168, 182, 196, 210. ಇವು 4, 5, 6, 7, 8, 9ನೇ ಕಾರ್ಬನ್‌ವರೆಗಿನ ತುಂಡುಗಳು. ಎಲ್ಲಿ 14ರ ಬದಲು 12 ಬಂತೋ ಅಲ್ಲಿ ಡಬಲ್ ಬಾಂಡ್. ಆಲ್ಫಾ ಲಿನೋಲೆನಿಕ್ ಆಗಿದ್ದರೆ 196-208, 236-248, 276-288 ಸಿಗಬೇಕು.

ನಮ್ಮ ಪೀಕ್‌ನಲ್ಲಿ ಮೂಲ ಅಯಾನು 331, ಅದು 18:3ಕ್ಕೆ ಸರಿ. 196 ಇರಬೇಕಾದ ಕಡೆ 194. ಅಲ್ಲಿಂದ 206ಕ್ಕೆ 12. ಆಮೇಲೆ 220, 234, ಮತ್ತೆ 12ರ ಹೆಜ್ಜೆ, 246. ಅಂದರೆ 9 ಮತ್ತು 12ರಲ್ಲಿ ಬಾಂಡ್ ಇದೆ. 8ನೇ ಕಾರ್ಬನ್ ತಲುಪುವ ಹೊತ್ತಿಗೇ ಎರಡು ಹೈಡ್ರೋಜನ್ ಕಡಿಮೆ ಇದೆ, ಹಾಗಾದರೆ ಮೂರನೇ ಬಾಂಡ್ 9ಕ್ಕಿಂತ ಮೊದಲೇ ಎಲ್ಲೋ ಇದೆ. 276-288 ಜೋಡಿ ಇಲ್ಲವೇ ಇಲ್ಲ.

ಎಲ್ಲೋ ಅಂದರೆ ಎಲ್ಲಿ? ಇಲ್ಲಿ 12ರ ನಿಯಮ ಕೈ ಕೊಡುತ್ತದೆ. ಡಬಲ್ ಬಾಂಡ್ ನೈಟ್ರೋಜನ್ ಗುಂಪಿಗೆ ತೀರಾ ಹತ್ತಿರ ಇದ್ದಾಗ ಹೆಜ್ಜೆ ಸ್ಪಷ್ಟ ಬರುವುದಿಲ್ಲ. ಅದರ ಬದಲು ಒಂದು ವಿಶೇಷ ಪೀಕ್ ಏಳುತ್ತದೆ. 6ರಲ್ಲಿ ಬಾಂಡ್ ಇದ್ದರೆ 167, 5ರಲ್ಲಿ ಇದ್ದರೆ 153. ನಮ್ಮದರಲ್ಲಿ 153 ಎತ್ತರವಾಗಿ ನಿಂತಿತ್ತು, ಪಕ್ಕದ 154 ಅದರ ಮುಂದೆ ಗಿಡ್ಡ. ಗಾಮಾ ಲಿನೋಲೆನಿಕ್‌ನ 6, 9, 12ಕ್ಕೂ ನಮ್ಮ 5, 9, 12ಕ್ಕೂ ವ್ಯತ್ಯಾಸ ಇರುವುದು ಈ ಒಂದೇ ಜಾಗದಲ್ಲಿ. ಆ ಜಾಗದಲ್ಲೇ ನಿಯಮ ಬಿಟ್ಟು ಅನುಭವದ ಗುರುತನ್ನು ನಂಬಬೇಕಾದರೆ ಇನ್ನೊಂದು ಸಾಕ್ಷಿ ಬೇಕೇಬೇಕು.

ಹೈಡ್ರಜೀನ್, ಆಮೇಲೆ ಡಿಎಂಡಿಎಸ್

ಡೈಮೀಥೈಲ್ ಡೈಸಲ್ಫೈಡ್, ಅಂದರೆ ಡಿಎಂಡಿಎಸ್, ಅಯೋಡಿನ್ ಇದ್ದರೆ ಡಬಲ್ ಬಾಂಡ್‌ನ ಎರಡೂ ಕಾರ್ಬನ್‌ಗೆ ಒಂದೊಂದು ಮೀಥೈಲ್‌ಥಯೋ ಗುಂಪು ಸೇರಿಸುತ್ತದೆ. ಮಾಸ್ ಸ್ಪೆಕ್ಟ್ರಮ್‌ನಲ್ಲಿ ಸರಪಳಿ ಸರಿಯಾಗಿ ಆ ಎರಡು ಕಾರ್ಬನ್ ನಡುವೆ ಸೀಳುತ್ತದೆ. ಇಷ್ಟು ನೇರವಾಗಿ ಉತ್ತರ ಕೊಡುವ ಕ್ರಿಯೆ ಕಡಿಮೆ. ಆದರೆ ಒಂದೇ ಡಬಲ್ ಬಾಂಡ್ ಇದ್ದಾಗ ಮಾತ್ರ. ಎರಡು ಹತ್ತಿರ ಇದ್ದರೆ ಗಂಧಕ ಎರಡನ್ನೂ ಹಿಡಿದು ಉಂಗುರ ಕಟ್ಟುತ್ತದೆ, ಸ್ಪೆಕ್ಟ್ರಮ್ ಕಲಸುಮೇಲೋಗರ.

ಹಾಗಾದರೆ ಮೂರರಲ್ಲಿ ಎರಡನ್ನು ಮುಚ್ಚಬೇಕು, ಯಾವ ಎರಡು ಅನ್ನೋದು ಅದೃಷ್ಟಕ್ಕೆ ಬಿಡಬೇಕು. ಅದಕ್ಕೆ ಹೈಡ್ರಜೀನ್. ಗಾಳಿಯ ಆಕ್ಸಿಜನ್ ತಗುಲಿ ಅದು ಡೈಇಮೈಡ್ ಆಗುತ್ತದೆ, ಡೈಇಮೈಡ್ ಡಬಲ್ ಬಾಂಡ್‌ಗೆ ಹೈಡ್ರೋಜನ್ ಕೊಡುತ್ತದೆ. ಪ್ಲಾಟಿನಂ ಬಳಸಿದರೆ ಉಳಿದ ಬಾಂಡ್‌ಗಳು ಜರುಗಬಹುದು, ಸಿಸ್ ಇದ್ದದ್ದು ಟ್ರಾನ್ಸ್ ಆಗಬಹುದು. ಡೈಇಮೈಡ್ ಹಾಗೆ ಮಾಡುವುದಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಉಳಿದದ್ದು ಉಳಿದ ಜಾಗದಲ್ಲೇ ಇರುತ್ತದೆ.

ಇಲ್ಲಿಗೂ ಬಿಡಿ ಆಮ್ಲವೇ ಬೇಕು, ಎಸ್ಟರ್ ಹಾಕಿದರೆ ಹೈಡ್ರಜೀನ್ ಅದರ ತುದಿಗೇ ಅಂಟಿಕೊಳ್ಳುತ್ತದೆ. ಮೀಥನಾಲ್‌ನಲ್ಲಿ 10% ಹೈಡ್ರಜೀನ್ ಹೈಡ್ರೇಟ್, 40 ಡಿಗ್ರಿ, ಗಾಳಿ ತಾಗುವಂತೆ ಕಲಕುವುದು. ನಡುನಡುವೆ ಹನಿ ತೆಗೆದು ಆಮ್ಲ ಹಾಕಿ ನಿಲ್ಲಿಸಿ, ಎಸ್ಟರ್ ಮಾಡಿ ಜಿಸಿಯಲ್ಲಿ ನೋಡಿದೆ. 18:1 ಗುಂಪು ಸಾಕಷ್ಟು ಬೆಳೆದಾಗ ಪೂರ್ತಿ ನಿಲ್ಲಿಸಿದೆ. ಹೈಡ್ರಜೀನ್ ವಿಷ, ಕ್ಯಾನ್ಸರ್ ತರುವ ವಸ್ತು ಕೂಡ. ಫ್ಯೂಮ್ ಹುಡ್ ಇಲ್ಲದೆ, ಗವಸು ಇಲ್ಲದೆ ಬಾಟಲಿ ತೆರೆಯುವ ಮಾತೇ ಇಲ್ಲ.

ಮತ್ತೆ ಬೆಳ್ಳಿ ಪ್ಲೇಟ್, ಈ ಸಲ ಹೆಕ್ಸೇನ್-ಈಥರ್ 90:10. ಒಂದೇ ಬಾಂಡ್ ಇರುವ ಪಟ್ಟಿಯನ್ನು ಅಂಚಿನಿಂದ ಅಂಚಿಗೆ ಪೂರ್ತಿ ಕೆರೆದೆ. ಬಾಂಡ್ ಎಲ್ಲಿದೆ ಅನ್ನೋದರ ಮೇಲೆ ಪ್ಲೇಟಿನಲ್ಲಿ ಚೂರು ಮೇಲೆ ಕೆಳಗೆ ಆಗುತ್ತದೆ. ನಡುವಿನ ಭಾಗ ಮಾತ್ರ ತೆಗೆದರೆ ಒಂದು ಜಾತಿ ತಪ್ಪಿಹೋಗಬಹುದು.

1 ಮಿ.ಗ್ರಾಂ. ಎಸ್ಟರ್‌ಗೆ 0.2 ಮಿ.ಲೀ. ಡಿಎಂಡಿಎಸ್, ಈಥರ್‌ನಲ್ಲಿ ಕರಗಿಸಿದ ಅಯೋಡಿನ್ 0.05 ಮಿ.ಲೀ. (ಮಿ.ಲೀ.ಗೆ 60 ಮಿ.ಗ್ರಾಂ.), ಒಂದು ದಿನ ಕಲಕುವುದು. ಆಮೇಲೆ ಹೆಕ್ಸೇನ್ ಹಾಕಿ 5% ಸೋಡಿಯಂ ಥಯೋಸಲ್ಫೇಟ್‌ನಲ್ಲಿ ತೊಳೆದರೆ ಅಯೋಡಿನ್‌ನ ಕಂದು ಬಣ್ಣ ಒಂದೇ ಕುಲುಕಿಗೆ ಮಾಯ. ಬಣ್ಣ ಹೋಗುತ್ತದೆ, ವಾಸನೆ ಹೋಗುವುದಿಲ್ಲ. ಪಿಪೆಟ್ಟು, ಟಿಶ್ಯೂ ಎಲ್ಲವನ್ನೂ ಬ್ಲೀಚ್ ನೀರಿನಲ್ಲಿ ನೆನೆಸಿಯೇ ಹುಡ್ಡಿನಿಂದ ಹೊರಗೆ ತೆಗೆದದ್ದು. ಪಕ್ಕದ ಕೋಣೆಯವರು ಬಂದು “ಗ್ಯಾಸ್ ಲೀಕ್ ಆಗ್ತಿದೆಯಾ ಸರ್?” ಅಂತ ಕೇಳಿ ಹೋದರು. ಕೇಳಿದ್ದು ಸರಿಯೇ, ಅಡುಗೆ ಅನಿಲಕ್ಕೆ ವಾಸನೆ ಬರಲಿ ಅಂತ ಸೇರಿಸುವುದೂ ಗಂಧಕದ ವಸ್ತುವನ್ನೇ.

ಇವು ಭಾರದ ಅಣುಗಳು. ಸಯನೋಪ್ರೊಪೈಲ್ ಕಾಲಮ್‌ನಲ್ಲಿ ಹೊರಗೆ ಬರಲು ತುಂಬ ಹೊತ್ತು ತಗೊಳ್ಳುತ್ತವೆ. 5% ಫೀನೈಲ್ ಇರುವ ಕಾಲಮ್ ಹಾಕಿ ಓವನ್ 280 ಡಿಗ್ರಿವರೆಗೆ ಏರಿಸಿದೆ. 18:1ಕ್ಕೆ 94 ಸೇರಿ ಮೂಲ ಅಯಾನು 390 ಬರಬೇಕು, ಬಂತು. ಪೀಕ್‌ಗಳು ಒಂದರ ಮೇಲೊಂದು ಸ್ವಲ್ಪ ಹತ್ತಿದ್ದವು. ಅದಕ್ಕೆ ಒಂದೊಂದೇ ತುಂಡಿನ ತೂಕ ಆರಿಸಿ ಕ್ರೊಮ್ಯಾಟೊಗ್ರಾಮ್ ತೆಗೆದೆ.

217 ಮತ್ತು 173, ಜತೆಗೆ 217ರಿಂದ ಮೀಥನಾಲ್ ಕಳಚಿದ 185. ಇದು 9ರಲ್ಲಿ ಬಾಂಡ್, ಓಲಿಕ್‌ನಲ್ಲಿ ಸಿಗುವುದೂ ಇದೇ ಜೋಡಿ. 259 ಮತ್ತು 131, ಜತೆಗೆ 227. ಇದು 12. ಮೂರನೆಯದು 161 ಮತ್ತು 229, ಜತೆಗೆ 129. 161 ಅಂದರೆ ಎಸ್ಟರ್ ಕಡೆಯ ಐದು ಕಾರ್ಬನ್, ಮೀಥೈಲ್‌ಥಯೋ ಸೇರಿ. 229 ಆಚೆ ಕಡೆಯ ಹದಿಮೂರು ಕಾರ್ಬನ್. ಕೂಡಿದರೆ 390. ಬಾಂಡ್ 5ರಲ್ಲಿದೆ. ಗಾಮಾ ಲಿನೋಲೆನಿಕ್ ಆಗಿದ್ದರೆ 175 ಮತ್ತು 215 ಬರಬೇಕಿತ್ತು. ಆ ಎರಡು ತೂಕಕ್ಕೆ ಕ್ರೊಮ್ಯಾಟೊಗ್ರಾಮ್ ತೆಗೆದರೆ ಗೆರೆ ಸಪಾಟು.

ಈಗ ಇದೇ ಕೆಲಸಕ್ಕೆ ಹೊಸ ದಾರಿಗಳಿವೆ. ಮಾಸ್ ಸ್ಪೆಕ್ಟ್ರೋಮೀಟರ್ ಒಳಗೇ ಓಜೋನ್ ಬಿಟ್ಟು ಡಬಲ್ ಬಾಂಡ್ ಕತ್ತರಿಸುತ್ತಾರೆ. ಅಸಿಟೋನ್ ಜತೆ ಯುವಿ ಬೆಳಕು ಹಾಯಿಸಿ, ಬಾಂಡ್ ಮೇಲೆ ನಾಲ್ಕು ಮೂಲೆಯ ಉಂಗುರ ಕಟ್ಟಿ, ಅದನ್ನು ಒಡೆದು ಓದುತ್ತಾರೆ. ಡೆರಿವೇಟಿವ್, ಪ್ಲೇಟ್ ಯಾವ ಗಲಾಟೆಯೂ ಇಲ್ಲ, ಸ್ಯಾಂಪಲ್ ಕೂಡ ತೀರಾ ಕಡಿಮೆ ಸಾಕು. ಅಂಥ ಯಂತ್ರ ಕೈಗೆ ಸಿಗುವವರು ಅದನ್ನೇ ಬಳಸಲಿ. ಮಾಮೂಲಿ ಜಿಸಿ-ಎಂಎಸ್ ಮಾತ್ರ ಇರುವವರಿಗೆ ಡಿಎಂಡಿಎಸ್ ಇನ್ನೂ ಹಳೆಯದಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಸಿಸ್ಸಾ, ಟ್ರಾನ್ಸಾ?

ಜಾಗ ಸಿಕ್ಕಿತು, ಆಕಾರ ಬಾಕಿ. ಇದಕ್ಕೆ ಏನೂ ಕಟ್ಟಬೇಕಿರಲಿಲ್ಲ, ಬೇಗ ಮುಗಿಯಿತು. ಇನ್ಫ್ರಾರೆಡ್‌ನಲ್ಲಿ ಒಂಟಿ ಟ್ರಾನ್ಸ್ ಬಾಂಡ್ 966 ಸೆಂ.ಮೀ.⁻¹ ಬಳಿ ಚೂಪಾಗಿ ಕಾಣುತ್ತದೆ. ನಮ್ಮದರಲ್ಲಿ ಅಲ್ಲಿ ಏನೂ ಇಲ್ಲ. ಯುವಿಯಲ್ಲಿ 233 ನ್ಯಾನೋಮೀಟರ್ ಬಳಿಯೂ ಖಾಲಿ, ಅಂದರೆ ಅಕ್ಕಪಕ್ಕ ಹತ್ತಿಕೊಂಡ ಜೋಡಿ ಬಾಂಡ್ ಇಲ್ಲ. ಕಾರ್ಬನ್ ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿಟ್ಟು ಪ್ರತಿ ಕಾರ್ಬನ್‌ನ ಅಕ್ಕಪಕ್ಕ ಏನಿದೆ ಅಂತ ತಿಳಿಯುವ ವಿಧಾನ) ಡಬಲ್ ಬಾಂಡ್ ಪಕ್ಕದ ಕಾರ್ಬನ್ ಸಿಸ್ ಆದರೆ 27 ಪಿಪಿಎಂ ಸುತ್ತ, ಟ್ರಾನ್ಸ್ ಆದರೆ 32.5ರ ಸುತ್ತ ಬರುತ್ತದೆ. ಎಲ್ಲವೂ 27ರ ಕಡೆ ಗುಂಪುಗೂಡಿದ್ದವು. ಎರಡು ಬಾಂಡ್‌ಗಳ ನಡುವೆ ಸಿಕ್ಕಿಕೊಂಡ ಕಾರ್ಬನ್ 25.6ರಲ್ಲಿ, ಒಂದೇ ಒಂದು.

ಆ ‘ಒಂದೇ ಒಂದು’ ಪ್ರೋಟಾನ್ ಎನ್‌ಎಂಆರ್‌ನಲ್ಲಿ ಇನ್ನೂ ಚೆನ್ನಾಗಿ ಕಂಡಿತು. ಮೆಥಾಕ್ಸಿಯ 3.67 ಪಿಪಿಎಂ ಪೀಕನ್ನು ಮೂರು ಹೈಡ್ರೋಜನ್ ಅಂತ ಇಟ್ಟುಕೊಂಡು ಉಳಿದದ್ದನ್ನು ಅಳೆದೆ. 5.3ರಿಂದ 5.4ರಲ್ಲಿ ಆರು, ಮೂರು ಡಬಲ್ ಬಾಂಡ್‌ಗೆ ಸರಿ. 2.8ರ ಬಳಿ, ಎರಡು ಬಾಂಡ್‌ಗಳ ನಡುವಿನ ಹೈಡ್ರೋಜನ್‌ಗಳು, ಎರಡು ಮಾತ್ರ. ಆಲ್ಫಾ ಆಗಲಿ ಗಾಮಾ ಆಗಲಿ, ಇಲ್ಲಿ ನಾಲ್ಕು ಇರಬೇಕಿತ್ತು. ಅದರ ಬದಲು 2.0ರಿಂದ 2.1ರಲ್ಲಿ ಎಂಟು. ಆಲ್ಫಾ, ಗಾಮಾಗಳಲ್ಲಿ ಅದು ನಾಲ್ಕೇ. 5 ಮತ್ತು 9ರ ಬಾಂಡ್‌ಗಳ ನಡುವೆ ಒಂದರ ಬದಲು ಎರಡು ಕಾರ್ಬನ್ ಇರುವುದೇ ಇದಕ್ಕೆ ಕಾರಣ. ಕೊನೆಯ ಮೀಥೈಲ್ 0.89ರಲ್ಲಿದೆ. ಒಮೆಗಾ-3 (ಕೊನೆಯಿಂದ ಮೂರನೇ ಕಾರ್ಬನ್‌ನಲ್ಲಿ ಬಾಂಡ್) ಆಗಿದ್ದರೆ 0.97ಕ್ಕೆ ಸರಿದಿರುತ್ತಿತ್ತು. ಉಳಿದದ್ದೆಲ್ಲ ಸೇರಿಸಿ ಕೂಡಿದರೆ 32 ಹೈಡ್ರೋಜನ್, ಪಿನೋಲೆನಿಕ್ ಮೀಥೈಲ್ ಎಸ್ಟರ್‌ಗೆ ಇರಬೇಕಾದಷ್ಟೇ. ಸಿಸ್-5, ಸಿಸ್-9, ಸಿಸ್-12.

ಈ ಎಣ್ಣೆಯ ಡಿಮಾಕ್ಸ್ ಓಟದಲ್ಲಿ ತುಂಬ ಹಿಂದೆ, 20 ಕಾರ್ಬನ್ ಬರುವ ಜಾಗದಲ್ಲಿ, ಒಂದು ಸಣ್ಣ ಪೀಕ್ ಇತ್ತು. ಮೂಲ ಅಯಾನು 359, ಅಂದರೆ 20:3. ಇಲ್ಲೂ 153 ಎತ್ತರ. 12ರ ಹೆಜ್ಜೆಗಳು ಮಾತ್ರ ಮೇಲಕ್ಕೆ ಸರಿದಿವೆ: 222-234, 262-274. 5, 11, 14, ಅಂದರೆ ಸಿಯಾಡೋನಿಕ್. ಪ್ಲೇಟಿನಿಂದ ಬೇರೆ ಮಾಡಿ ಡಿಎಂಡಿಎಸ್‌ವರೆಗೆ ಹೋಗಲು ಸ್ಯಾಂಪಲ್ ಸಾಲಲಿಲ್ಲ. ಇನ್ನಷ್ಟು ಬೀಜ ಅರೆದು ಹೆಕ್ಸೇನ್‌ನಲ್ಲಿ ನೆನೆಹಾಕಿದ್ದೇನೆ. ಅಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ.